ಹುಟ್ಟು ಹಿಡಿದ ಮಗಳು

ಊರಿಗೆ ಹೋಗಿ ಬಂದ ಶಿಷ್ಯ ಗುರುಪಾದ ಗುರುಗಳ ಮುಂದೆ ಕುಳಿತು ಕೇಳಿದ:

“ಗುರುಗಳೇ, ನನ್ನ ತಮ್ಮ ಸೈನ್ಯಕ್ಕೆ ಸೇರಿದ್ದಾನೆ. ಅಪ್ಪ ಊರಿಗೆಲ್ಲ ಪೇಡೆ ಹಂಚಿ ಎದೆಯುಬ್ಬಿಸಿ ಓಡಾಡುತ್ತಿದ್ದಾರೆ. ಮನೆಯಲ್ಲಿ ಮಾತ್ರ ಅವರಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿಲ್ಲ. ಒಳಗೆ ಅಂಜಿಕೆ ಇಟ್ಟುಕೊಂಡವರ ಹೆಮ್ಮೆ ನಿಜವಾದದ್ದೇ?”

ಗುರುಗಳು ಕತೆ ಹೇಳಿದರು.

ಕೃಷ್ಣಾ ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಹೆಂಡತಿ ತೀರಿಕೊಂಡಿದ್ದಳು. ಇದ್ದವಳು ಒಬ್ಬಳೇ ಮಗಳು, ಹೊಳೆವ್ವ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಕೂಸನ್ನು ದೋಣಿಯಲ್ಲೇ ಮಲಗಿಸಿಕೊಂಡು ದುಡಿದ. ಹುಡುಗಿ ನೀರಿನ ಮೇಲೆಯೇ ಬೆಳೆದಳು.

ದೊಡ್ಡವಳಾದ ಮೇಲೆ ಅವಳು ಸೈನ್ಯಕ್ಕೆ ಆಯ್ಕೆಯಾದಳು. ಅಂಬಿಗ ಆ ಸುದ್ದಿಯನ್ನು ದೋಣಿ ಹತ್ತಿದವರಿಗೆಲ್ಲ ಹೇಳಿದ. ಕೇಳಿದವರೇ ಮತ್ತೆ ಹತ್ತಿದರೆ ಮತ್ತೆ ಹೇಳಿದ.

ಅವಳು ಹೊರಡುವ ದಿನ ಹೊಳೆ ಏರುತ್ತಿತ್ತು. ಬಸ್ಸು ಆಚೆ ದಡದಿಂದ. ಅಂಬಿಗ ನೀರನ್ನು ನೋಡಿದ. ಈಗಲಾದರೆ ದಾಟಬಹುದು, ಮಧ್ಯಾಹ್ನದ ಮೇಲೆ ಆಗದು ಅನ್ನಿಸಿತು. ದೋಣಿ ಬಿಚ್ಚಿದ. ಆಚೆ ಊರಿನ ಬಳೆಗಾರನೊಬ್ಬ ತಾನೂ ಬರುತ್ತೇನೆಂದು ಹತ್ತಿ ಕುಳಿತ.

ಅಂಬಿಗ ಹುಟ್ಟಿಗೆ ಕೈ ಹಾಕಿದಾಗ ಮಗಳು, “ಅಪ್ಪಾ, ಇವತ್ತು ನಾನು ಹಾಕುತ್ತೇನೆ” ಅಂದಳು.

ಇಂಥ ನೀರಿನಲ್ಲಿ ಅವನು ಹುಟ್ಟನ್ನು ಇನ್ನೊಬ್ಬರ ಕೈಗೆ ಕೊಟ್ಟವನೇ ಅಲ್ಲ. ಮಗಳ ಮುಖ ನೋಡಿದ. ಕೊಟ್ಟ.

ನಡುಹೊಳೆಯಲ್ಲಿ ದೋಣಿ ಸೆಳವಿಗೆ ಸಿಕ್ಕಿ ಗರ್ರನೆ ತಿರುಗಿತು. ಬಳೆಗಾರ ತನ್ನ ಬಳೆಯ ಗಂಟನ್ನು ಅಪ್ಪಿಕೊಂಡು ಚೀರಿದ: “ಹುಟ್ಟು ನೀನು ತಗೊಳ್ಳೋ ಯಪ್ಪಾ! ಎಲ್ಲರೂ ಮುಳುಗುತ್ತೇವೆ!”

ಅಂಬಿಗನ ಕೈ ತಾನಾಗಿಯೇ ಮುಂದೆ ಹೋಯಿತು. ಮಗಳು ಇವರ ಕಡೆ ನೋಡಲಿಲ್ಲ. ಸೆಳವಿಗೆ ಎದುರು ಬೀಳದೆ, ಅದು ಎಳೆದತ್ತ ಒಂದಿಷ್ಟು ಬಿಟ್ಟುಕೊಟ್ಟು, ದೋಣಿಯನ್ನು ಓರೆಯಾಗಿ ತಿರುಗಿಸುತ್ತಿದ್ದಳು. ತಾನಿದ್ದರೂ ಅದನ್ನೇ ಮಾಡುತ್ತಿದ್ದೆ ಎಂದು ಅಂಬಿಗನಿಗೆ ಗೊತ್ತಾಯಿತು. ಚಾಚಿದ ಕೈಯನ್ನು ಹಿಂದಕ್ಕೆಳೆದು ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ.

“ಸುಮ್ಮನೆ ಕೂಡು. ದೋಣಿ ಅವಳ ಕೈಯಲ್ಲಿದೆ” ಅಂದ.

ದೋಣಿ ರೇವಿಗಿಂತ ಬಹಳ ಕೆಳಗೆ ದಡ ಮುಟ್ಟಿತು. ಹೊಳೆವ್ವ ಅಪ್ಪನ ಕಾಲು ಮುಟ್ಟಿ, ಟ್ರಂಕನ್ನು ಹೆಗಲಿಗೇರಿಸಿ ದಿಬ್ಬ ಹತ್ತಿದಳು. ಬಸ್ಸು ಕಣ್ಮರೆಯಾಗುವವರೆಗೂ ಅಂಬಿಗ ಕೈ ಎತ್ತಿಕೊಂಡು ನಿಂತಿದ್ದ. ಆಮೇಲೆ ಅಲ್ಲೇ ಮರಳಿನಲ್ಲಿ ಕುಸಿದು ಕುಳಿತ.

ಬಳೆಗಾರ ಹತ್ತಿರ ಬಂದ. “ಇಷ್ಟು ಹೆದರುವವನು ಅವಳನ್ನು ಯಾಕೆ ಕಳಿಸಿದೆ?”

ಅಂಬಿಗ ಕಣ್ಣೊರೆಸಿಕೊಂಡ. ಮುಖದ ತುಂಬ ನಗೆಯಿತ್ತು. “ಹೊಳೆ ಹೆಂಗೆ ದಾಟಿಸಿದಳು, ನೋಡಿದೆಯಲ್ಲ ತಮ್ಮಾ! ಅಂಥವಳನ್ನು ನನ್ನ ಗುಡಿಸಲಿನಲ್ಲಿ ಕಟ್ಟಿಹಾಕಲೇನು?”

ಆ ದಿನ ನೀರು ಇನ್ನೂ ಏರಿತು. ಅಂಬಿಗ ಈಚೆ ದಡಕ್ಕೆ ಬರಲಾಗದೆ ಅಲ್ಲೇ ಉಳಿದ. ಚಹಾದಂಗಡಿಯಲ್ಲಿ ಕುಳಿತು, ಬಂದವರಿಗೆಲ್ಲ ಮಗಳ ಸಂಗತಿ ಹೇಳಿದ. ಬಳೆಗಾರ ಪಕ್ಕದಲ್ಲಿ ಕುಳಿತು ಸಾಕ್ಷಿ ನುಡಿದ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು.

ಗುರುಪಾದ ಕೇಳಿದ: “ಮಗಳ ಬಲ ಕಣ್ಣಾರೆ ಕಂಡ ಮೇಲಾದರೂ ಅವನ ಅಂಜಿಕೆ ಹೋಯಿತೇ, ಗುರುಗಳೇ?”

ಗುರುಗಳು ಅವನನ್ನೇ ನೋಡುತ್ತ ಹೇಳಿದರು:

“ಅಂಜಿಕೆಯೇ ಇಲ್ಲದೆ ಹುಟ್ಟನ್ನು ಕೊಟ್ಟಿದ್ದರೆ, ಗುರುಪಾದ, ಅವನು ಕೊಟ್ಟದ್ದಾದರೂ ಏನು?”