ಹನ್ನೊಂದು ಮೊಳದ ಹರಕೆ

ಮಗ್ಗದ ಸದ್ದಿನಿಂದಲೇ ಬೆಳಗಾಗುತ್ತಿದ್ದ ಕಾಲವದು. ಕರಡಿಗುಂಡಿಯ ನೇಕಾರರ ಓಣಿಯ ತುದಿಗೆ, ಬೇವಿನ ಮರದಡಿಯ ಮಣ್ಣಿನ ಮಠದಲ್ಲಿ ಪರಮಪೂಜ್ಯ ನಿಜಾನಂದ ಸ್ವಾಮಿಗಳು ವಾಸವಾಗಿದ್ದರು. ಓಣಿಯವರಿಗೆಲ್ಲ ಅವರು ಅಜ್ಜಾರು. ಒಂದೇ ಕಾವಿವಸ್ತ್ರವನ್ನು ಉಟ್ಟು, ಹೊದ್ದು, ಉಳಿದ ಸೆರಗನ್ನು ತಲೆಗೆ ಸುತ್ತಿಕೊಳ್ಳುತ್ತಿದ್ದರು. ಅದನ್ನು ನೇಯ್ದು ಅರ್ಪಿಸುವ ಭಾಗ್ಯ ಚನಮಲ್ಲಪ್ಪನದು.

ಎಳೆಗೂಸಾಗಿದ್ದ ಮಗ ಮಹಾರುದ್ರ ವಿಷಮಜ್ವರದಲ್ಲಿ ಮಲಗಿದ್ದಾಗ ಚನಮಲ್ಲಪ್ಪ ಹೊತ್ತ ಹರಕೆ ಅದು. ಮಗು ಉಳಿದರೆ ಪ್ರತಿ ಶಿವರಾತ್ರಿಗೆ ತನ್ನ ಕೈಯಳತೆಯ ಹನ್ನೊಂದು ಮೊಳ. ಮಗು ಉಳಿಯಿತು. ನೇಯುವಾಗ ಬಟ್ಟೆಯ ಮೇಲೆ ಮೊಳಕೈಯೂರಿ ಅಳೆದು, ಮೊಳ ಮುಗಿದಲ್ಲೆಲ್ಲ ಒಂದು ಕೆಂಪೆಳೆ ಹಾಯಿಸುತ್ತಿದ್ದ.

ಆ ಮಗ ಬೆಳೆದು, ನಾಲ್ಕಕ್ಷರ ಕಲಿತು, ನೇಕಾರರ ಸೊಸೈಟಿಯಲ್ಲಿ ಬಟ್ಟೆ ಅಳೆಯುವ ಕೆಲಸಕ್ಕೆ ಸೇರಿದ. ಸರಕಾರ ಗಜ ತೆಗೆದು ಮೀಟರ್ ತಂದ ಹೊಸತು. ಕಬ್ಬಿಣದ ಮೀಟರ್ ಪಟ್ಟಿ ಕೈಗೆ ಬಂದದ್ದೇ ತಡ, ಮಹಾರುದ್ರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಿರಿಯರನ್ನು ಕೂರಿಸಿ ಗೇಣಿಗೆಷ್ಟು ಸೆಂಟಿಮೀಟರ್ ಎಂದು ಪಾಠ ಹೇಳಿದ. ಒಬ್ಬೊಬ್ಬರದು ಒಂದೊಂದು ಮೊಳವಾದರೆ ಅದೆಂಥ ಅಳತೆ ಎಂದು ತಂದೆಯನ್ನೇ ಹಂಗಿಸಿದ. ಮನೆಯಲ್ಲಿ ಅಪ್ಪ ಮಗನ ಮಾತು ನಿಂತಿತು. ಅದು ಮತ್ತೆ ಶುರುವಾಗುವ ಮೊದಲೇ ಚನಮಲ್ಲಪ್ಪ ಲಿಂಗೈಕ್ಯನಾದ.

ಶಿವರಾತ್ರಿ ಹತ್ತಿರ ಬಂದಾಗ ತಾಯಿ ಕಾಶವ್ವ ಕಣ್ಣೀರಿಟ್ಟಳು. ನಿನ್ನ ಜೀವದ ಹರಕೆ, ಕಡಿಮೆಯಾಗಬಾರದು ಎಂದಳು. ನಂಬಿಕೆಯಿಲ್ಲದಿದ್ದರೂ ಅವಳ ಸಮಾಧಾನಕ್ಕೆ ಮಹಾರುದ್ರ ಅಪ್ಪನ ಗುಂಡಿಮಗ್ಗಕ್ಕೆ ಇಳಿದ. ಮೊಳಕ್ಕೆ ಹದಿನೆಂಟು ಇಂಚು ಹಿಡಿದು ಗುಣಿಸಿದ; ಐದು ಮೀಟರ್, ಮೂರು ಸೆಂಟಿಮೀಟರ್ ಬಂತು. ಅಷ್ಟನ್ನೇ ನೇಯ್ದ. ಕೆಂಪೆಳೆಯ ಗೊಡವೆಗೆ ಹೋಗಲಿಲ್ಲ.

ಭಕ್ತರೆಲ್ಲ ಕೂಡಿದ್ದಾಗ ಅಜ್ಜಾರು ಹೊಸ ವಸ್ತ್ರ ಉಟ್ಟು ಹೊದ್ದರು. ಸೆರಗು ಹೆಗಲಿಗೇ ಮುಗಿಯಿತು, ತಲೆ ಮುಟ್ಟಲಿಲ್ಲ. ಹರಕೆ ಕಡಿಮೆಯಾಯಿತೆಂದು ಕಾಶವ್ವ ಮಗನತ್ತ ತಿರುಗಿದಳು. ಮಹಾರುದ್ರನಿಗೆ ಮೈಯೆಲ್ಲ ಉರಿಯಿತು; ಚೀಲದಿಂದ ಪಟ್ಟಿ ತೆಗೆಯಹೋದ.

ಅಜ್ಜಾರು ಕೈಯೆತ್ತಿದರು. “ನಿನ್ನ ಲೆಕ್ಕ ತಪ್ಪಿಲ್ಲಪಾ.” ಒಳಗೆ ಹೋಗಿ, ಒಗೆದು ಮೆತ್ತಗಾಗಿದ್ದ ಹೋದ ವರ್ಷದ ವಸ್ತ್ರವನ್ನು ತಂದು ಹಾಸಿದರು. “ಇದನ್ನ ಅಳಿ. ಪಟ್ಟಿ ಬ್ಯಾಡ, ಕೈಲೆ ಅಳಿ.”

ಮೊಳದಳತೆ ಎಷ್ಟು ಸುಳ್ಳೆಂದು ತೋರಿಸಿಯೇ ಬಿಡುತ್ತೇನೆಂದು ಮಹಾರುದ್ರ ಅಂಚಿಗೆ ಮೊಳಕೈಯೂರಿದ. ನಡುಬೆರಳ ತುದಿ ಕೆಂಪೆಳೆಯ ಮೇಲೆ ನಿಂತಿತು. ಏನೋ ಹೊಂದಿಕೊಂಡಿತು ಎಂದುಕೊಂಡು ಮತ್ತೆ ಊರಿದ. ಮತ್ತೆ ಕೆಂಪೆಳೆ. ಊರಿದಲ್ಲೆಲ್ಲ ಅದೇ. ಹುಟ್ಟಿದಾಗಿನಿಂದ ಅವನನ್ನು ತಾಯಿಯ ಹೋಲಿಕೆ ಎಂದೇ ಜನ ಹೇಳುತ್ತಿದ್ದರು. ಅಪ್ಪನದು ತನ್ನಲ್ಲಿ ಏನಾದರೂ ಇದ್ದೀತೆಂದು ಅವನು ಎಣಿಸಿದವನೇ ಅಲ್ಲ. ಕೊನೆಯ ಎಳೆಯನ್ನೂ ಮುಟ್ಟಿದಾಗ, ಹದಿನೆಂಟು ಇಂಚಿಗೂ ಉದ್ದವಾದ ಆ ಮೊಳ ತನ್ನದೇ ಎಂದು ತಿಳಿಯಿತು.

“ಚನಮಲ್ಲಪ್ಪನ ಕೈ ಇಲ್ಲೇ ಐತಲ್ಲೋ ತಮ್ಮಾ” ಎಂದರು ಅಜ್ಜಾರು. ಮಹಾರುದ್ರ ಆ ವಸ್ತ್ರದಲ್ಲಿ ಮುಖವಿಟ್ಟು ಅತ್ತ.

ಬೇರೆ ವಸ್ತ್ರ ತರುತ್ತೇವೆಂದು ಎಷ್ಟೋ ಭಕ್ತರು ಬೇಡಿಕೊಂಡರೂ ಅಜ್ಜಾರು ಒಪ್ಪಲಿಲ್ಲ. ಹುಡುಗ ಮೊದಲ ಸಲ ನೇಯ್ದದ್ದೆಂದು ಆ ಗಿಡ್ಡ ವಸ್ತ್ರದಲ್ಲೇ, ಬೇಸಿಗೆಯೆಲ್ಲ ಬರಿದಲೆಯಲ್ಲಿ ಓಡಾಡಿದರು.

ಈಗ ಆ ಓಣಿಯಲ್ಲಿ ಮಗ್ಗದ ಸದ್ದಿಲ್ಲ. ಮಹಾರುದ್ರ ಸೊಸೈಟಿಯಲ್ಲಿ ಕಡೆತನಕ ಮೀಟರಿನಲ್ಲೇ ಅಳೆದ. ಆದರೆ ವರ್ಷಕ್ಕೊಮ್ಮೆ ಪಟ್ಟಿಯನ್ನು ಹೊರಗಿಟ್ಟು ಅಪ್ಪನ ಮಗ್ಗಕ್ಕೆ ಇಳಿಯುತ್ತಿದ್ದ. ಮೊಳಕೈಯೂರಿ ಕೆಂಪೆಳೆ ಹಾಯಿಸುವಾಗಲೆಲ್ಲ, ಅಂದು ನಿಂತುಹೋಗಿದ್ದ ಮಾತನ್ನು ಅಪ್ಪನೊಡನೆ ಮೆಲ್ಲಗೆ ಆಡುತ್ತಿದ್ದ. ಹಾಗೆ ನೇಯ್ದ ಮೊದಲ ವಸ್ತ್ರದ ಸೆರಗು ಮರುವರ್ಷದ ಶಿವರಾತ್ರಿಗೇ ಅಜ್ಜಾರ ತಲೆ ಮುಟ್ಟಿತು.