ಹುಲ್ಲಿನ ಪುಸ್ತಕದ ಕೊನೆಯ ಪುಟಗಳು

"ಗುರುಗಳೇ, ನನ್ನ ಪ್ರಬಂಧದ ಗ್ರಂಥಸೂಚಿಯನ್ನು ಶುಚಿ ಮಾಡಲು ಒಂದು ಪ್ರೋಗ್ರಾಮ್ ಬರೆದಿದ್ದೇನೆ. ಎರಡೆರಡು ಸಲ ಬಂದದ್ದನ್ನು, ಅರೆಬರೆ ಇರುವುದನ್ನು ಅದೇ ಹುಡುಕಿ ಅಳಿಸುತ್ತದೆ. ಮತ್ತೆ ನಾನೂ ಕೂತು ಒಂದೊಂದನ್ನೇ ಓದಬೇಕೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ಸಂಶೋಧಕನಿದ್ದ. ಬಯಲುಸೀಮೆಯ ಹುಲ್ಲುಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದ. ಬಹಳ ಓದಿಕೊಂಡವನು. ಆದರೆ ಯಾವ ಹುಲ್ಲನ್ನು ಕುರಿ ಮೂಸಿ ಬಿಡುತ್ತದೆ, ಯಾವುದು ಮಳೆಗೆ ಮುಂಚೆಯೇ ಚಿಗುರುತ್ತದೆ ಎಂಬುದು ಅವನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಅದನ್ನು ಹೇಳಿಕೊಟ್ಟವಳು ಕುರಿ ಕಾಯುವ ಒಬ್ಬ ಮುದುಕಿ. ಮೂರು ಮಳೆಗಾಲ ಅವಳು ಕೊಟ್ಟ ಅಂಬಲಿ ಕುಡಿದು ಅವಳ ಹಿಂದೆ ಬಯಲು ತಿರುಗಿದ. ಅವಳಿಗೆ ಗಂಡನಿರಲಿಲ್ಲ, ಮಕ್ಕಳಿರಲಿಲ್ಲ, ಓರಗೆಯವರೆಲ್ಲ ಸತ್ತಿದ್ದರು. ಇಡೀ ದಿನ ಮಾತಿಗೆ ಕುರಿಗಳೇ ಗತಿ.

ಕೊನೆಯ ದಿನ ಅವಳು ಕೇಳಿದಳು: "ನನ್ನ ಹೆಸ್ರು ಅದ್ರಾಗೆ ಬರಿತೀಯೇನಪ್ಪ? ಎಲ್ರೂ ಅಜ್ಜಿ ಅಂತಾರೆ. ಹೆಸ್ರು ಹಿಡಿದು ಕರೆಯೋರು ಒಬ್ರೂ ಉಳಿದಿಲ್ಲ."

"ಬರೀತೀನಿ ಅಜ್ಜಿ" ಎಂದ.

ಬರೆದ ಕೂಡ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವ ಜಾತಿಯವನಲ್ಲ. ಗ್ರಂಥಸೂಚಿಯಲ್ಲಿ ಸಾವಿರದ ಚಿಲ್ಲರೆ ಪುಸ್ತಕಗಳ ನಡುವೆ ಅವಳ ಹೆಸರು, ಊರು, 'ಬಾಯಿಮಾತು' ಎಂಬ ಒಂದು ಪದ, ಅಷ್ಟೇ. ವರ್ಷವಿಲ್ಲ, ಪ್ರಕಾಶಕರಿಲ್ಲ, ಪುಟವಿಲ್ಲ.

ಪುಸ್ತಕ ಅಚ್ಚಿಗೆ ಹೋಗುವ ಹೊತ್ತಿಗೆ ಅವನೂ ನಿನ್ನ ಹಾಗೆ ಜಾಣನಾದ. ಪ್ರಕಾಶಕರಿಲ್ಲದ ಸಾಲನ್ನೆಲ್ಲ ಅಳಿಸು ಎಂದು ಯಂತ್ರಕ್ಕೆ ನಿಯಮ ಕೊಟ್ಟ. ಅದು ಅಳಿಸಿತು. ಪುಸ್ತಕದೊಳಗೆ ಅವಳ ಮಾತು ಬಂದ ಕಡೆಯಲ್ಲೆಲ್ಲ ಒಂದೊಂದು ಪ್ರಶ್ನೆ ಚಿಹ್ನೆ ಎದ್ದು ನಿಂತಿತು. ಇದನ್ನು ಹೇಳಿದವರು ಯಾರು ಎಂದು ಯಂತ್ರ ಪಾಪ ಕೇಳುತ್ತಲೇ ಇತ್ತು. ಅಂಥವು ನಲವತ್ತೇಳು. ನೋಡಲು ಚೆನ್ನಾಗಿಲ್ಲವೆಂದು ಅವನ್ನೂ ಅಳಿಸಲು ಇನ್ನೊಂದು ನಿಯಮ ಬರೆದ.

ಅಚ್ಚಾದ ಪುಸ್ತಕ ಹಿಡಿದು ಬಯಲಿಗೆ ಹೋದ. ಮುದುಕಿ ಸೆರಗಿಗೆ ಕೈ ಒರೆಸಿಕೊಂಡು, "ನಾನು ಎಲ್ಲಿದೀನಿ, ತೋರ್ಸು" ಎಂದಳು. ಅವನು ಕೊನೆಯ ಪುಟಗಳಲ್ಲಿ ಹುಡುಕಿದ. ಮತ್ತೆ ಹುಡುಕಿದ. ಅವಳು ಕಾಯುತ್ತಿದ್ದಳು. ಕೊನೆಗೆ ಯಾವನೋ ವಿದೇಶಿ ಪಂಡಿತನ ಸಾಲಿನ ಮೇಲೆ ಬೆರಳಿಟ್ಟು, ಅವಳ ಹೆಸರನ್ನು ಗಟ್ಟಿಯಾಗಿ ಓದಿದ.

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆ ಸಾಲನ್ನು ಸವರಿ, "ಇಷ್ಟುದ್ದ ಐತಾ ನನ್ನ ಹೆಸ್ರು! ಇನ್ನೊಂದ್ಸಲ ಓದಪ್ಪ" ಎಂದಳು. ಅವನು ಇನ್ನೊಂದು ಸಲ ಓದಿದ.

ಆಮೇಲೆ ಪುಸ್ತಕಕ್ಕೆ ಹೆಸರು ಬಂತು, ಅವನಿಗೆ ಸನ್ಮಾನಗಳಾದವು. ಆ ಬಯಲಿಗೆ ಮಾತ್ರ ಮತ್ತೆ ಹೋಗಲಿಲ್ಲ. ಹೋಗುವ ಮುಖವಿರಲಿಲ್ಲ. ಮುದುಕಿಗೆ ಮಾತಿಗೆ ಸಿಗುತ್ತಿದ್ದ ಒಬ್ಬನೂ ಹಾಗೆ ತಪ್ಪಿಹೋದ.

ಗುರು ಕತೆ ನಿಲ್ಲಿಸಿದರು. ಶಿಷ್ಯ, "ಬಾಯಿಮಾತನ್ನು ಮಾತ್ರ ಅಳಿಸಬೇಡ ಎಂದು ಇನ್ನೊಂದು ನಿಯಮ ಸೇರಿಸಿದ್ದರೆ ಯಂತ್ರ ತಪ್ಪುತ್ತಿರಲಿಲ್ಲ, ಗುರುಗಳೇ" ಎಂದ.

"ಯಂತ್ರ ಎಲ್ಲಿ ತಪ್ಪಿತಪ್ಪ? ಅವಳ ಕೈಯ ಅಂಬಲಿ ಕುಡಿದದ್ದು ಅದಲ್ಲವಲ್ಲ."