ಒಳಕ್ಕೆ ಬಾಗಿದ ಬಲೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನನ್ನ ಸೋದರತ್ತೆ ಶಾಂಭವಿ. ಅವರು ಅದನ್ನು ತಮ್ಮ ಗುರುಗಳ ಬಾಯಿಂದಲೇ ಕೇಳಿದ್ದರಂತೆ. ಪ್ರಶ್ನೆ ಕೇಳಿದವಳು ತಾನಲ್ಲ, ಪಕ್ಕದಲ್ಲಿ ಕೂತಿದ್ದವಳು ಎಂದು ಪ್ರತಿ ಸಲವೂ, ಯಾರೂ ವಿಚಾರಿಸದಿದ್ದರೂ, ಸೇರಿಸುತ್ತಿದ್ದರು.

ಶಿಷ್ಯೆಯೊಬ್ಬಳು ಕೇಳಿದಳು: “ಗುರುಗಳೇ, ನನಗೆ ಬೆಳೆದು ನಿಂತ ಮಗಳಿದ್ದಾಳೆ. ಕಾಲ ಚೆನ್ನಾಗಿಲ್ಲ. ಅವಳು ಹೋಗುವ ದಾರಿ, ಬರುವ ಹೊತ್ತು, ಮಾತಾಡಿಸುವ ಜನ, ಎಲ್ಲವನ್ನೂ ನಾನೇ ಗೊತ್ತುಮಾಡಿದ್ದೇನೆ. ಆದರೂ ನೆಮ್ಮದಿ ಇಲ್ಲ. ಇನ್ನು ಯಾವ ಕಿಂಡಿ ಮುಚ್ಚಬೇಕು, ಹೇಳಿ.”

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿಯ ಮನೆಯಲ್ಲಿ ಒಂದು ಬೆಕ್ಕಿತ್ತು. ಮನೆಯೊಳಗೇ ಬೆಳೆದದ್ದು, ಮಣ್ಣು ತುಳಿದೇ ಇರಲಿಲ್ಲ. ವ್ಯಾಪಾರಿಯ ಹೆಂಡತಿ ತನ್ನ ತಟ್ಟೆಯ ಪಕ್ಕದಲ್ಲೇ ಅದಕ್ಕೂ ಹಾಲನ್ನ ಕಲಸಿಡುತ್ತಿದ್ದಳು. ಊಟವಾದ ಮೇಲೆ ಅದು ಕಿಟಕಿಯಲ್ಲಿ ಕೂತು ಹಿತ್ತಲಿನ ಗುಬ್ಬಚ್ಚಿಗಳನ್ನು ನೋಡುತ್ತಿತ್ತು.

“ಪಾಪ, ಅದಕ್ಕೂ ಒಂದಿಷ್ಟು ಬಿಸಿಲು ಬೇಡವೇ?” ಎಂದಳು ಹೆಂಡತಿ.

“ಬಿಟ್ಟರೆ ಬೀದಿಗೆ ಹೋಗುತ್ತದೆ. ಬೀದಿಯಲ್ಲಿ ನಾಯಿಗಳಿವೆ,” ಎಂದ ವ್ಯಾಪಾರಿ.

“ಹೋಗದ ಹಾಗೆ ಮಾಡಿ. ಅಷ್ಟೂ ಆಗುವುದಿಲ್ಲವೇ ನಿಮ್ಮ ಕೈಲಿ?”

ಆಗುವುದಿಲ್ಲ ಎನ್ನುವ ಗಂಡಸಲ್ಲ ಅವನು. ಹಿತ್ತಲಿನ ಗೋಡೆಯ ಉದ್ದಕ್ಕೂ ಕಂಬಿಗಳನ್ನು ಒಳಕ್ಕೆ ಬಾಗಿಸಿ ನೆಡಿಸಿದ. ಅವುಗಳಿಗೆ ಬಲೆಯನ್ನು ಸಡಿಲವಾಗಿ ಕಟ್ಟಿಸಿದ. ಹತ್ತಿದ ಬೆಕ್ಕು ಬಲೆ ಹಿಡಿದ ಕೂಡಲೇ ಅದು ಜೋತು, ಬೆಕ್ಕನ್ನು ಹಿಂದಕ್ಕೆ ಕೆಡವಬೇಕು. ಗೋಡೆಗೆ ತಾಗಿದ್ದ ಸೀಬೆಯ ಕೊಂಬೆ ಕಡಿಸಿದ. ಬಚ್ಚಲ ತೂಬಿಗೆ ಜಾಲರಿ ಹಾಕಿಸಿದ. ವಿಷವೆಂದು ಪೂಜೆಯ ಕಣಗಿಲೆಯನ್ನೂ ಕಿತ್ತೆಸೆದ. ಕೊನೆಗೆ ತಾನೇ ಮಂಡಿಯೂರಿ ಬೆಕ್ಕಿನ ಎತ್ತರಕ್ಕೆ ಬಗ್ಗಿ ಹಿತ್ತಲನ್ನೆಲ್ಲ ಸುತ್ತಿದ.

ನೆರೆಯವನು ಇಣುಕಿ, “ಏನು ಸಾಹುಕಾರರೇ, ನೀವೇ ಬೆಕ್ಕಾಗಿಬಿಟ್ಟಿರಾ?” ಎಂದ.

ಬೆಕ್ಕು ಬಂದು ಹೋಗಲೆಂದು ಹೆಂಡತಿ ಅಡುಗೆಮನೆಯ ಹಿಂಬಾಗಿಲಿನ ಬುಡದಲ್ಲಿ ಒಂದು ಕಿಂಡಿ ಕೊರೆಸಿದ್ದಳು. ವ್ಯಾಪಾರಿ ಅದಕ್ಕೂ ಹಲಗೆ ಹೊಡೆಸಿದ. “ಇಡೀ ಹಿತ್ತಲನ್ನೇ ಕೊಟ್ಟೆನಲ್ಲ! ಕೆಸರುಗಾಲಲ್ಲಿ ನನ್ನ ಹಾಸಿಗೆ ಹತ್ತುವುದು ಬೇಡ. ಸಂಜೆ ನಾವೇ ಎತ್ತಿ ತರೋಣ.”

ಬೆಕ್ಕು ಗೋಡೆ ಹತ್ತಿತು. ಬಲೆ ಕೆಡವಿತು. ಮತ್ತೆ ಹತ್ತಿತು, ಮತ್ತೆ ಬಿತ್ತು. ವ್ಯಾಪಾರಿ ಬಂದ ನೆಂಟರಿಗೆಲ್ಲ ಇದನ್ನು ಕರೆದು ತೋರಿಸಿದ. ಕೆಲವು ದಿನಗಳಲ್ಲಿ ಬೆಕ್ಕು ಹತ್ತುವುದನ್ನು ಬಿಟ್ಟಿತು. “ಒಗ್ಗಿಕೊಂಡಿತು,” ಎಂದು ಅವನು ನಿರಾಳನಾದ.

ಒಂದು ಮಧ್ಯಾಹ್ನ ಹಿಂಬಾಗಿಲ ಅಗಳಿ ಹಾಕಿ ಗಂಡಹೆಂಡಿರು ಮಲಗಿದ್ದರು. ಹೊರಗಿನಿಂದ ಒಂದು ಕಾಡುಬೆಕ್ಕು ಬಂತು. ಹೊರಗಿನಿಂದ ಬರುವವರಿಗೆ ಆ ಬಲೆ ಅಡ್ಡಿಯೇ ಅಲ್ಲ. ಅದು ಗೋಡೆ ಹತ್ತಿತು, ಬಲೆಯ ಮೇಲೆ ಕಾಲಿಟ್ಟಿತು, ಬಲೆಯೇ ಅದನ್ನು ಒಳಕ್ಕೆ ಇಳಿಸಿತು.

ಕಿರುಚಾಟಕ್ಕೆ ಎದ್ದು ಹೆಂಡತಿ ಕಿಟಕಿಗೆ ಓಡಿದಳು. ಮನೆಬೆಕ್ಕು ಗೋಡೆ ಹತ್ತುತ್ತಿತ್ತು. ಬಲೆ ಅದನ್ನು ಕಾಡುಬೆಕ್ಕಿನ ಮುಂದಕ್ಕೇ ಕೆಡವಿತು. ತಪ್ಪಿಸಿಕೊಂಡು ಇನ್ನೊಂದು ಮೂಲೆಯಲ್ಲಿ ಹತ್ತಿತು. ಅಲ್ಲಿಯೂ ಬಲೆ ಕೆಡವಿತು. ಬಲೆ ತನಗೆ ಒಪ್ಪಿಸಿದ ಕೆಲಸವನ್ನು ಒಂದಿಷ್ಟೂ ಲೋಪವಿಲ್ಲದೆ ಮಾಡುತ್ತಿತ್ತು.

ಆಮೇಲೆ ಬೆಕ್ಕು ಗೋಡೆಯ ಕಡೆ ಹೋಗಲಿಲ್ಲ. ಹಿಂಬಾಗಿಲಿಗೆ ಓಡಿಬಂತು. ಒಳಗೆ ನಿಂತ ಇಬ್ಬರಿಗೂ ಹಲಗೆ ಕೆರೆಯುವ ಸದ್ದು ಕೇಳಿಸಿತು. ವ್ಯಾಪಾರಿ ಅವಸರದಲ್ಲಿ ಎಳೆದ ಅಗಳಿ ಸಿಕ್ಕಿಕೊಂಡಿತು. ಅವನು ಅದನ್ನು ಎಳೆದು ತೆಗೆಯುವಷ್ಟರಲ್ಲಿ ಕೆರೆಯುವ ಸದ್ದು ನಿಂತಿತ್ತು.

ಬಾಗಿಲು ತೆರೆದೊಡನೆ ಕಾಡುಬೆಕ್ಕು ಅವನ ಕಾಲ ಸಂದಿಯಿಂದ ನುಗ್ಗಿ, ಮನೆಯ ನಡುವೆ ಹಾದು, ಗಾಳಿಗೆಂದು ತೆರೆದಿಟ್ಟಿದ್ದ ಮುಂಬಾಗಿಲಿನಿಂದ ಬೀದಿಗೆ ಹೋಯಿತು. ಅವರ ಬೆಕ್ಕು ಹೊಸ್ತಿಲಿಗೆ ತಲೆಯಿಟ್ಟು ಬಿದ್ದಿತ್ತು. ಉಸಿರಿರಲಿಲ್ಲ.

ಅದನ್ನು ಎತ್ತಿಕೊಳ್ಳಲು ವ್ಯಾಪಾರಿ ಹೊರಗಿಳಿದ. ಅವನ ಬೆನ್ನ ಹಿಂದೆ ಗಾಳಿಗೆ ಬಾಗಿಲು ಮುಚ್ಚಿಕೊಂಡಿತು. ತಿರುಗಿ ನೋಡಿದ. ಅವನು ಹಿತ್ತಲಿಗೆ ಇಳಿದಾಗಲೆಲ್ಲ ಆ ಬಾಗಿಲು ಒಳಕ್ಕೆ ತೆರೆದೇ ಇರುತ್ತಿತ್ತು. ಹಲಗೆ ಹೊಡೆಸಿದ ಮೇಲೆ ಅದರ ಹೊರಮೈಯನ್ನು ಅವನು ನೋಡಿರಲೇ ಇಲ್ಲ. ಹಲಗೆಯ ತುಂಬ ಉಗುರಿನ ಗೀರುಗಳಿದ್ದವು. ಕೆಲವು ಆಗ ತಾನೇ ಬಿದ್ದು ಬೆಳ್ಳಗಿದ್ದವು. ಉಳಿದವೆಲ್ಲ ಹಳೆಯವು, ಮಣ್ಣು ಮೆತ್ತಿ ಕಪ್ಪಾಗಿದ್ದವು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯೆ ಸುಮ್ಮನಿರಲಾಗದೆ, “ಅವನು ಬಲೆಯನ್ನು ಹೊರಕ್ಕೂ ಬಾಗಿಸಬೇಕಿತ್ತು. ನಾನಾಗಿದ್ದರೆ ಬಾಗಿಸುತ್ತಿದ್ದೆ,” ಎಂದಳು.

ಗುರುಗಳು ಕೇಳಿದರು: “ಬಾಗಿಸು ತಾಯಿ. ಆದರೆ ನಿನ್ನ ಬಾಗಿಲ ಹೊರಮೈಯನ್ನು ಯಾವತ್ತಾದರೂ ನೋಡಿದ್ದೀಯಾ?”

ಇಲ್ಲಿಗೆ ಬಂದಾಗ ಸೋದರತ್ತೆ, “ಕೇಳಿದವಳು ನಾನಲ್ಲ” ಎಂದು ಇನ್ನೊಮ್ಮೆ ಹೇಳುತ್ತಿದ್ದರು.

ನೀವು ಕೇಳಿದ್ದಾಯಿತಲ್ಲ. ಗೇಟಿಗೆ ಹೊಸ ಬೀಗ ಹುಡುಕುತ್ತಿರುವ ತಾಯಿ ಯಾರಾದರೂ ಸಿಕ್ಕರೆ, ಅವರಿಗೂ ಇದನ್ನು ಹೇಳಿ.